ಅತಾಯ್: ಪುರುಸೊತ್ತಿನ ಚಹಾ

ಮೊರಾಕ್ಕೊದಲ್ಲಿ ಯಾರ ಮನೆಗೆ ಹೋದರೂ ಚಹಾ ಕುಡೀತೀರಾ ಅಂತ ಕೇಳುವುದಿಲ್ಲ. ಕೂತ್ಕೊಳ್ಳಿ ಅನ್ನುತ್ತಾರೆ, ಅಷ್ಟೇ. ಕೂತ ಮೇಲೆ ಚಹಾ ಬಂದೇ ಬರುತ್ತದೆ, ಆದರೆ ಬೇಗ ಬರುವುದಿಲ್ಲ. ಅರ್ಧ ಗಂಟೆ ಆಗಬಹುದು, ಮುಕ್ಕಾಲು ಗಂಟೆಯೂ ಆಗಬಹುದು. ಸ್ವಲ್ಪ ಅವಸರ ಇದೆ, ಇನ್ನೊಂದ್ಸಲ ಬರ್ತೀನಿ ಅಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಅತಾಯ್ ಅನ್ನುವ ಅಲ್ಲಿನ ಪುದೀನ ಚಹಾ ಬಗ್ಗೆ ಬರೆಯುವವರೆಲ್ಲ ಪರಿಮಳ, ನೊರೆ, ಬೆಳ್ಳಿ ಬಣ್ಣದ ಟೀಪಾಟ್ ಅಂತ ಬರೆಯುತ್ತಾರೆ. ಈ ಕಾಯುವ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗಂತೂ ಆ ಆತಿಥ್ಯ ಇರುವುದೇ ಅಲ್ಲಿ ಅನ್ನಿಸುತ್ತದೆ.

ನಮ್ಮಲ್ಲಿ ಹೇಗೆ ನೋಡಿ. ನೆಂಟರು ಬಂದ ತಕ್ಷಣ ಮನೆಯಲ್ಲಿ ಒಬ್ಬರು ಅಡುಗೆಮನೆಗೆ ಹೋಗಿ ಮಾಯವಾಗುತ್ತಾರೆ. ಬಂದವರು ಹಜಾರದಲ್ಲಿ ಕೂತು ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ಒಳಗಿಂದ ಪಾತ್ರೆ ಸದ್ದು ಬರುತ್ತದೆ, ಆಮೇಲೆ ಲೋಟ ಬರುತ್ತದೆ. ಯಾರು ಮಾಡಿದರು, ಹೇಗೆ ಮಾಡಿದರು, ಯಾರೂ ನೋಡಿಲ್ಲ. ಮೊರಾಕ್ಕೊದಲ್ಲಿ ಅಡುಗೆಮನೆಯ ಆ ಕೆಲಸವೇ ಹಜಾರಕ್ಕೆ ಬರುತ್ತದೆ. ಚಹಾ ನಿಮ್ಮ ಕಣ್ಣ ಮುಂದೆ, ನಿಮಗಾಗಿ, ನಿಧಾನಕ್ಕೆ ತಯಾರಾಗುತ್ತದೆ. ನೀವು ಕೂತು ನೋಡಬೇಕು. ಆ ಹೊತ್ತಿಗೆ ನಿಮ್ಮ ಕೆಲಸ ಅದೊಂದೇ.

ನಾನು ಸರಿಯಾಗಿ ನೋಡಿದ್ದು ಫೆಸ್ ನಗರದಲ್ಲಿ. ಹಳೇ ಪೇಟೆಯ ಒಳಗೆ, ಹೊರೆ ಹೊತ್ತ ಕತ್ತೆ ಬಂದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕಾದಂಥ ಗಲ್ಲಿಯಲ್ಲಿ, ಪರಿಚಯದವರ ಪರಿಚಯದವರ ಮನೆ. ಮನೆಯ ಯಜಮಾನರು ನಿವೃತ್ತ ಮೇಷ್ಟ್ರು. ಸೀನಿಯಾ ಅನ್ನುವ ದೊಡ್ಡ ದುಂಡನೆಯ ಹರಿವಾಣವನ್ನು ಅವರ ಮುಂದೆ ತಂದಿಟ್ಟರು. ಅದರಲ್ಲಿ ಬರ್ರಾದ್, ಅಂದರೆ ಹೊಟ್ಟೆ ದಪ್ಪಗಿರುವ, ಉದ್ದ ಮೂತಿಯ ಟೀಪಾಟ್. ಬಣ್ಣದ ಗೀರುಗಳಿದ್ದ ಸಣ್ಣ ಗಾಜಿನ ಲೋಟಗಳು. ಚಹಾ ಎಲೆಗೆ ಒಂದು ಡಬ್ಬಿ, ಸಕ್ಕರೆ ಗಡ್ಡೆಗಳಿಗೆ ಇನ್ನೊಂದು. ಪಕ್ಕದಲ್ಲಿ ತೊಳೆದು ನೀರು ಸೋರುತ್ತಿದ್ದ ಪುದೀನದ ಕಟ್ಟು. ಆಚೆ ಒಂದು ಚಿಕ್ಕ ಗ್ಯಾಸ್ ಒಲೆ, ಅದರ ಮೇಲೆ ಕುದಿಯುವ ನೀರು.

ಚಹಾ ಅಂದರೆ ಚೀನಾದ ಹಸಿರು ಚಹಾ. ಗನ್‌ಪೌಡರ್ ಅಂತ ಹೆಸರು. ಎಲೆಯನ್ನು ಸುರುಳಿ ಸುತ್ತಿ ಸಣ್ಣ ಸಣ್ಣ ಗುಂಡು ಮಾಡಿರುತ್ತಾರೆ, ಬಿಸಿನೀರು ಬಿದ್ದಾಗ ಒಂದೊಂದೇ ಬಿಚ್ಚಿಕೊಳ್ಳುತ್ತದೆ. ಮೇಷ್ಟ್ರು ಅಂಗೈಯಲ್ಲಿ ಅಳತೆ ಮಾಡಿ ಬರ್ರಾದ್‌ಗೆ ಹಾಕಿದರು. ಒಂದು ಲೋಟದಷ್ಟು ಕುದಿನೀರು ಹಾಕಿ, ಅಲುಗಾಡಿಸದೆ ಸ್ವಲ್ಪ ಬಿಟ್ಟು, ಆ ನೀರನ್ನು ಒಂದು ಲೋಟಕ್ಕೆ ಬಗ್ಗಿಸಿ ಪಕ್ಕಕ್ಕಿಟ್ಟರು. ತಿಳಿಯಾದ ಹೊನ್ನಿನ ಬಣ್ಣ. ಇದು ಚಹಾದ ಜೀವ, ಇದನ್ನು ಚೆಲ್ಲಬಾರದು ಅಂದರು. ಮತ್ತೆ ಕುದಿನೀರು. ಈ ಸಲ ಬರ್ರಾದ್ ಹಿಡಿದು ಚೆನ್ನಾಗಿ ಕುಲುಕಿ ಬಗ್ಗಿಸಿದರು. ರಾಡಿ ರಾಡಿಯಾಗಿ, ಒಗರು ವಾಸನೆಯ ನೀರು ಬಂತು. ಇದನ್ನು ಚೆಲ್ಲಿದರು. ಆಮೇಲೆ ಪಕ್ಕಕ್ಕಿಟ್ಟ ಜೀವವನ್ನು ವಾಪಸ್ಸು ಸುರಿದು, ಬರ್ರಾದ್ ತುಂಬ ನೀರು ಹಾಕಿ ಒಲೆಯ ಮೇಲಿಟ್ಟರು.

ಇನ್ನು ಪುದೀನ. ದಂಟಿನ ಸಮೇತ ಒಂದು ಹಿಡಿ ಮಡಚಿ ಒಳಗೆ ತುರುಕಿದರು. ಎಲೆ ಒಂದೂ ನೀರಿನ ಮೇಲೆ ತೇಲಬಾರದು, ತೇಲಿದರೆ ಸುಟ್ಟು ಕಪ್ಪಾಗುತ್ತದೆ, ಕುಡಿದವರ ಹೊಟ್ಟೆ ಕೆಡುತ್ತದೆ ಅಂತ ಅವರ ನಂಬಿಕೆ. ಅದರ ಮೇಲೆ ಸಕ್ಕರೆ ಗಡ್ಡೆ. ಎಷ್ಟು ಅಂತ ಹೇಳಿದರೆ ನಿಮಗೆ ಗಾಬರಿಯಾಗಬಹುದು, ಸುಮ್ನೆ ಬಿಡಿ. ಚಮಚದಲ್ಲಿ ಕಲಕುವ ಮಾತೇ ಇಲ್ಲ. ಲೋಟಕ್ಕೆ ಸುರಿಯುವುದು, ವಾಪಸ್ಸು ಬರ್ರಾದ್‌ಗೆ ಹಾಕುವುದು, ಮತ್ತೆ ಲೋಟಕ್ಕೆ, ಮತ್ತೆ ವಾಪಸ್ಸು. ಹೀಗೇ ಮಾಡುತ್ತಾ ಮಾತಾಡುತ್ತಾ ಇದ್ದರು. ನಡುವೆ ಒಂದು ಗುಟುಕು ರುಚಿ ನೋಡಿ, ತಲೆ ಅಲ್ಲಾಡಿಸಿ, ಇನ್ನೊಂದು ಗಡ್ಡೆ ಹಾಕಿದರು. ಕೊನೆಗೆ ಬರ್ರಾದ್ ಎತ್ತಿ, ಎತ್ತರದಿಂದ, ಸಣ್ಣ ಧಾರೆಯಾಗಿ ಲೋಟಗಳಿಗೆ ಬಿಟ್ಟರು. ಒಂದು ಹನಿ ಹರಿವಾಣಕ್ಕೆ ಬೀಳಲಿಲ್ಲ. ಲೋಟದ ಮೇಲೆ ಸಣ್ಣ ಗುಳ್ಳೆಗಳ ನೊರೆ ಕೂತಿತು. ಅದಕ್ಕೆ ಅಲ್ಲಿನವರು ರುಮಾಲು ಅನ್ನುತ್ತಾರೆ. ರುಮಾಲಿಲ್ಲದ ಚಹಾ ಕೊಟ್ಟರೆ ಅವಮಾನ, ಕೊಟ್ಟವರಿಗೇ.

ಇಷ್ಟನ್ನೆಲ್ಲ ನೋಡಿದ ಮೇಲೆ ಇದು ಸಾವಿರ ವರ್ಷದ ಪದ್ಧತಿ ಅನ್ನಿಸುತ್ತದೆ ಅಲ್ವಾ? ನಿಜ ಹೇಳಬೇಕೆಂದರೆ ಸಾಮಾನ್ಯ ಜನರ ಮನೆಗಳಲ್ಲಿ ಇದಕ್ಕೆ ಇನ್ನೂರು ವರ್ಷವೂ ಆಗಿಲ್ಲ. 1672ರಿಂದ 1727ರವರೆಗೆ ಆಳಿದ ಸುಲ್ತಾನ ಮೌಲಾಯ್ ಇಸ್ಮಾಯಿಲ್ ಕಾಲದಲ್ಲಿ ಇಂಗ್ಲಿಷರು ಅರಮನೆಗೆ ಕಾಣಿಕೆ ಕೊಡುತ್ತಿದ್ದ ಸಾಮಾನುಗಳಲ್ಲಿ ಚಹಾವೂ ಇತ್ತು. ಆಮೇಲೆ ಬಹಳ ಕಾಲ ಅದು ಅರಮನೆಯವರ, ದುಡ್ಡಿದ್ದವರ ಪಾನೀಯ. ಊರೂರಿಗೆ ಇಳಿದದ್ದು ಬೇರೆ ಯಾರದೋ ಯುದ್ಧದಿಂದ. 1853ರಿಂದ 1856ರವರೆಗೆ ರಷ್ಯಾದ ಜೊತೆ ನಡೆದ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ವ್ಯಾಪಾರಿಗಳಿಗೆ ಬಾಲ್ಟಿಕ್ ಕಡೆಯ ಮಾರುಕಟ್ಟೆ ಮುಚ್ಚಿಹೋಯಿತು. ಹಡಗುಗಟ್ಟಲೆ ಚಹಾ ಇಟ್ಟುಕೊಂಡು ಏನು ಮಾಡುವುದು? ಟ್ಯಾಂಜಿಯರ್, ಮೊಗಡೋರ್ ಬಂದರುಗಳಿಗೆ ತಂದು ಸುರಿದರು. ಮೊಗಡೋರ್ ಅಂದರೆ ಈಗಿನ ಎಸ್ಸಾವಿರಾ. ಬೆಲೆ ಇಳಿಯಿತು, ಹಳ್ಳಿಯವನ ಕೈಗೂ ಎಟುಕಿತು.

ಎಲೆ ಚೀನಾದ್ದು, ತಂದವರು ಬ್ರಿಟಿಷರು. ಟೀಪಾಟೂ ಅಲ್ಲಿಯದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮ್ಯಾಂಚೆಸ್ಟರಿನ ರಿಚರ್ಡ್ ರೈಟ್ ಅನ್ನುವ ತಯಾರಕ ಮೊರಾಕ್ಕೊ ಜನರ ಅಭಿರುಚಿ ನೋಡಿಕೊಂಡು ಅವರಿಗೆಂದೇ ಟೀಪಾಟ್ ಮಾಡಿ ಕಳಿಸುತ್ತಿದ್ದ. ಹಳೇ ಮನೆತನದವರು ಇವತ್ತಿಗೂ ರೈಟ್ ಬರ್ರಾದ್ ಅಂದರೆ ಹೆಮ್ಮೆಯಿಂದ ಬೀರುವಿನಿಂದ ತೆಗೆದು, ತಿರುಗಿಸಿ, ತಳದ ಮುದ್ರೆ ತೋರಿಸುತ್ತಾರೆ. ಆಮೇಲೆ ಫೆಸ್‌ನ ಕಸುಬುದಾರರು ಆ ಆಕಾರವನ್ನು ತಮ್ಮದೇ ಮಾಡಿಕೊಂಡರು. ಪುದೀನ ಮಾತ್ರ ಪೂರ್ತಿ ಅವರ ಮಣ್ಣಿನದು. ಅದರಲ್ಲೂ ಮೆಕ್ನೆಸ್ ಕಡೆಯದು ಅಂದರೆ ಮಾರುವವರು ಕೂಗಿ ಹೇಳುತ್ತಾರೆ.

ಆಗ ಇದಕ್ಕೆ ವಿರೋಧವೂ ಇತ್ತು. ಯುರೋಪಿನ ಮಾಲಿಗೆ ದುಡ್ಡು ಸುರಿಯುತ್ತಿದ್ದೀರಿ, ಮನೆ ಹಾಳಾಗುತ್ತದೆ, ದೇಶವೂ ಹಾಳಾಗುತ್ತದೆ ಅಂತ ಕೆಲವು ಧರ್ಮಗುರುಗಳು ಚಹಾ, ಸಕ್ಕರೆ ಎರಡನ್ನೂ ಬಿಡಿ ಅಂದರು. ಹಾಗೆ ನೋಡಿದರೆ ಅವರು ಹೇಳಿದ್ದರಲ್ಲಿ ಅರ್ಥವಿತ್ತು. 1912ರಲ್ಲಿ ಫ್ರೆಂಚರ ಆಡಳಿತ ಬರುವ ಮುಂಚೆಯೇ ಆ ದೇಶ ಯುರೋಪಿನ ಸಾಲದಲ್ಲಿ ಮುಳುಗಿತ್ತು. ಆದರೆ ಜನ ಕೇಳಲಿಲ್ಲ. ಹೊರಗಿನಿಂದ ಬಂದ ಮೂರು ನಾಲ್ಕು ಸಾಮಾನನ್ನು ಒಂದು ಹರಿವಾಣದ ಮೇಲೆ ಜೋಡಿಸಿ, ಪುದೀನ ಸೇರಿಸಿ, ತಮ್ಮ ಪುರುಸೊತ್ತನ್ನೂ ಸೇರಿಸಿ, ಇದು ನಮ್ಮ ಅಜ್ಜನ ಕಾಲದ್ದು ಅಂದುಬಿಟ್ಟರು. 1956ರಲ್ಲಿ ಸ್ವಾತಂತ್ರ್ಯ ಬಂತು. ಎರಡೇ ವರ್ಷಕ್ಕೆ ಸರ್ಕಾರ ಚಹಾ ತರಿಸುವುದಕ್ಕೆಂದೇ ಒಂದು ಸರ್ಕಾರಿ ಸಂಸ್ಥೆ ಮಾಡಿತು. ಹೊಸ ದೇಶದಲ್ಲಿ ಏನು ಇಲ್ಲದಿದ್ದರೂ ಚಹಾ ತಪ್ಪಬಾರದು ಅಂತ ಯಾರಿಗೋ ಹೊಳೆದಿರಬೇಕು. ಚೀನಾದ ಹಸಿರು ಚಹಾವನ್ನು ಅತಿ ಹೆಚ್ಚು ಕೊಳ್ಳುವ ದೇಶ ಇವತ್ತಿಗೂ ಮೊರಾಕ್ಕೊ.

ಸಕ್ಕರೆಯ ಕತೆ ಇದಕ್ಕಿಂತ ಸ್ವಾರಸ್ಯ. ಹದಿನಾರನೇ ಶತಮಾನದಲ್ಲಿ ದಕ್ಷಿಣದ ಸೂಸ್ ಕಡೆ ಕಬ್ಬು ಬೆಳೆದು, ಗಾಣ ಹಾಕಿ, ಯುರೋಪಿಗೆ ಸಕ್ಕರೆ ಮಾರುತ್ತಿದ್ದವರು ಇವರೇ. ಮರಾಕೇಶದ ಎಲ್ ಬಾದಿ ಅರಮನೆಗೆ ಸುಲ್ತಾನ ಅಹ್ಮದ್ ಅಲ್ ಮನ್ಸೂರ್ ಇಟಲಿಯಿಂದ ಅಮೃತಶಿಲೆ ತರಿಸಿದ್ದು ತೂಕಕ್ಕೆ ತೂಕ ಸಕ್ಕರೆ ಕೊಟ್ಟು ಅಂತ ಹೇಳುತ್ತಾರೆ. ಆಮೇಲೆ ಆ ಉದ್ಯಮ ಮುಗಿದೇಹೋಯಿತು. ಸಕ್ಕರೆ ಮಾರಿ ಅರಮನೆ ಕಟ್ಟಿದವರು ಮುನ್ನೂರು ವರ್ಷದ ನಂತರ ಚಹಾಗೆ ಹಾಕಲು ಅದೇ ಯುರೋಪಿನಿಂದ ಸಕ್ಕರೆ ಕೊಂಡರು. 1929ರಲ್ಲಿ ಕಾಸಾಬ್ಲಾಂಕಾದಲ್ಲಿ ಫ್ರೆಂಚ್ ಬಂಡವಾಳದ ಸಕ್ಕರೆ ಕಾರ್ಖಾನೆ ಬಂತು. ಈಗಿನ ಕೊಸುಮಾರ್ ಕಂಪನಿಯ ಮೂಲ ಅದು.

ಅವರ ಸಕ್ಕರೆ ಬರುವುದು ಚೀಲದಲ್ಲಿ ಮಾತ್ರ ಅಲ್ಲ. ಸುಮಾರು ಎರಡು ಕಿಲೋ ತೂಗುವ, ಮೇಲೆ ಚೂಪಾಗಿರುವ ಗೋಪುರದ ಆಕಾರದ ಅಚ್ಚು. ದಪ್ಪ ಕಾಗದ ಸುತ್ತಿರುತ್ತಾರೆ. ಕಾಗದ ಬಿಚ್ಚಿ ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೆ ಗಟ್ಟಿ. ಚಿಕ್ಕದೊಂದು ಸುತ್ತಿಗೆಯಿಂದ ತುದಿಗೆ ಹೊಡೆದರೆ ಟಣ್ ಅಂತ ಸದ್ದು ಬಂದು ಒಂದು ಚೂರು ಹಾರುತ್ತದೆ. ಅದನ್ನು ಹೊಡೆಯುವುದಕ್ಕೂ ಕೈ ಪಳಗಿರಬೇಕು. ಗೊತ್ತಿಲ್ಲದವರು ಹೊಡೆದರೆ ಅರ್ಧ ಸಕ್ಕರೆ ಪುಡಿಯಾಗಿ ಚಾಪೆ ಪಾಲು. ಪುಡಿ ಸಕ್ಕರೆ ಅಂಗಡಿಯಲ್ಲಿ ಧಾರಾಳವಾಗಿ ಸಿಗುವಾಗಲೂ ಈ ಗೋಪುರವನ್ನು ಬಿಟ್ಟಿಲ್ಲ. ಹೆಣ್ಣು ಕೇಳಲು ಹೋಗುವಾಗ ಸಕ್ಕರೆ ಗೋಪುರ. ಮದುವೆಗೆ ಗೋಪುರ. ಹಜ್ ಮುಗಿಸಿ ಬಂದವರನ್ನು ನೋಡಲು ಹೋದರೆ ಗೋಪುರ. ಸಾವಿನ ಮನೆಗೂ ಅದೇ. ಹೋದವರು ಅದನ್ನು ಮೂಲೆಯಲ್ಲಿ ಇಟ್ಟು ಸುಮ್ಮನೆ ಕೂರುತ್ತಾರೆ. ಆ ಮನೆಗೆ ಮುಂದಿನ ದಿನಗಳಲ್ಲಿ ಎಷ್ಟು ಜನ ಬರುತ್ತಾರೋ, ಅಷ್ಟೂ ಜನರಿಗೆ ಚಹಾ ಆಗಲೇಬೇಕು. ಸಕ್ಕರೆ ಒಯ್ಯುವುದು ಅಂದರೆ ಆ ಖರ್ಚಿಗೆ ಹೆಗಲು ಕೊಡುವುದು. ಇದು ನನಗೆ ಬಹಳ ಹಿಡಿಸಿತು. ಹೂಗುಚ್ಛ ಒಯ್ದು ಏನು ಮಾಡೋದು ಹೇಳಿ?

ಇನ್ನು ಆ ಪ್ರಸಿದ್ಧ ಮೂರು ಲೋಟದ ಮಾತು. ಮೊದಲ ಲೋಟ ಬದುಕಿನಂತೆ ಕಹಿ, ಎರಡನೆಯದು ಪ್ರೀತಿಯಂತೆ ಗಾಢ, ಮೂರನೆಯದು ಸಾವಿನಂತೆ ಮೃದು. ಮರಾಕೇಶದ ಪ್ರವಾಸಿ ಹೋಟೆಲುಗಳ ಮೆನು ಕಾರ್ಡಿನಲ್ಲಿ, ಗೋಡೆಯ ಮೇಲೆ, ಎಲ್ಲಾ ಕಡೆ ಇದು ಇದೆ. ನನಗೆ ಅದನ್ನು ಓದಿ ಓದಿ ಬೇಜಾರಾಗಿದೆ. ಮೂರು ಸುತ್ತಿನ ಚಹಾ ನಿಜವಾಗಿ ಸಹಾರಾ ಕಡೆಯದು. ದಕ್ಷಿಣದ ಗುಯೆಲ್ಮಿಮ್ ಊರು ದಾಟಿದ ಮೇಲೆ, ಮರಳುಗಾಡಿನ ಸಹ್ರಾವಿ ಜನರಲ್ಲಿ, ಗಡಿಯಾಚೆ ಮಾರಿಟಾನಿಯಾದಲ್ಲಿ, ಅತ್ತ ತುವಾರೆಗ್ ಜನರಲ್ಲಿ. ಒಂದೇ ಎಲೆಗೆ ಮತ್ತೆ ಮತ್ತೆ ನೀರು, ಸಕ್ಕರೆ ಹಾಕಿ ಕಾಯಿಸುವುದರಿಂದ ಮೊದಲ ಸುತ್ತು ಕಡು, ಕೊನೆಯದು ತಿಳಿ. ಅಷ್ಟೇ ವಿಷಯ. ಫೆಸ್‌ನಲ್ಲೋ ಕಾಸಾಬ್ಲಾಂಕಾದಲ್ಲೋ ಮೂರನೇ ಲೋಟ ಕುಡಿಯುತ್ತಾ ಸಾವಿನ ಬಗ್ಗೆ ಯೋಚಿಸುವವರನ್ನು ನಾನು ನೋಡಿಲ್ಲ. ಫುಟ್‌ಬಾಲ್ ಬಗ್ಗೆ ಜಗಳ ಆಡುವವರನ್ನು ನೋಡಿದ್ದೇನೆ.

ಅದೇ ಸಹ್ರಾವಿಗಳಲ್ಲಿ ಇನ್ನೊಂದು ಮಾತಿದೆ, ಅದು ಮೆನು ಕಾರ್ಡಿಗೆ ಬಂದಿಲ್ಲ. ಒಳ್ಳೆಯ ಚಹಾಗೆ ಮೂರು ಬೇಕು: ಜಮರ್, ಜರ್, ಜಮಾ. ಕೆಂಡ ಇರಬೇಕು, ಎಳೆದಷ್ಟೂ ಎಳೆಯುವ ಹೊತ್ತಿರಬೇಕು, ಜೊತೆಗೆ ಕೂರುವ ಜನ ಇರಬೇಕು. ಎಲೆ, ಸಕ್ಕರೆ, ಪುದೀನ ಯಾವುದೂ ಪಟ್ಟಿಯಲ್ಲಿ ಇಲ್ಲ ನೋಡಿ. ಅಲ್ಲಿ ಲೋಟ ಚಿಕ್ಕದು, ಅರ್ಧ ಲೋಟ ಬರೀ ನೊರೆ. ಒಂದು ಲೋಟದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಸುರಿದು ಸುರಿದು ನೊರೆ ಎಬ್ಬಿಸುತ್ತಾ ಕೂತವನಿಗೆ ಅವಸರವೇ ಇರುವುದಿಲ್ಲ. ಒಂಟೆ ಹೊಡೆದುಕೊಂಡು ದಿನಗಟ್ಟಲೆ ನಡೆದು ಬಂದವನು ಹೇಗೂ ಇನ್ನೆಲ್ಲಿಗೆ ಓಡಬೇಕು.

ಪೇಟೆಯ ಚಹಾ ಬಗ್ಗೆಯೂ ಹೇಳಬೇಕು. ಕಂಬಳಿ, ಜಮಖಾನೆ ಅಂಗಡಿಗೆ ಹೋದರೆ ಚಹಾ ಬರುತ್ತದೆ. ಇದು ನಮ್ಮ ಬರ್ಬರ್ ಜನರ ವಿಸ್ಕಿ ಅಂತ ಒಂದು ಹಳಸಿದ ಜೋಕೂ ಜೊತೆಗೆ ಬರುತ್ತದೆ. ಇದು ಆತಿಥ್ಯವಲ್ಲ, ಬಲೆ ಅಂತ ಪ್ರವಾಸಿಗರು ಸಿಡುಕುತ್ತಾರೆ. ಅವರ ಮಾತು ಅರ್ಧ ನಿಜ. ಲೋಟ ಕೈಗೆ ಬಂದ ಮೇಲೆ ಎದ್ದು ಹೋಗುವುದು ಕಷ್ಟ, ಆ ಲೋಟ ಮುಗಿಯುವಷ್ಟರಲ್ಲಿ ಹತ್ತು ಜಮಖಾನೆ ಬಿಚ್ಚಿ ಹಾಸಿರುತ್ತಾರೆ. ಆದರೂ ಏನೂ ಕೊಳ್ಳದೆ ಬಂದರೆ ಚಹಾ ದುಡ್ಡು ಕೊಡಿ ಅಂತ ಯಾರೂ ಕೇಳಲಿಲ್ಲ. ವ್ಯಾಪಾರದ ಚಹಾ ಬೇರೆ, ಮನೆಯ ಚಹಾ ಬೇರೆ ಅಂತ ಗೆರೆ ಎಳೆಯುವ ಗೋಜಿಗೆ ಅವರು ಹೋಗುವುದಿಲ್ಲ. ಮಾತು ಶುರುವಾಗಬೇಕು ಅಂದರೆ ಚಹಾ ಬೇಕು, ಅದು ಬೆಲೆಯ ಮಾತಾಗಲಿ, ಮದುವೆಯ ಮಾತಾಗಲಿ.

ನನಗೆ ಕಿರಿಕಿರಿಯಾದದ್ದು ಬೇರೆ. ಗಂಡಸರು ಅತಿಥಿಗಳಾಗಿ ಬಂದಾಗ ಹರಿವಾಣದ ಮುಂದೆ ಕೂತು ಎತ್ತರದಿಂದ ಸುರಿದು ಭೇಷ್ ಅನ್ನಿಸಿಕೊಳ್ಳುವುದು ಸಾಮಾನ್ಯವಾಗಿ ಮನೆಯ ಯಜಮಾನ. ಪುದೀನ ಬಿಡಿಸಿ ತೊಳೆದದ್ದು, ಚಹಾ ಜೊತೆಗೆ ಬಂದ ಮ್ಸೆಮೆನ್ ರೊಟ್ಟಿಯನ್ನು ಪದರ ಪದರವಾಗಿ ಮಡಚಿ ಬೇಯಿಸಿದ್ದು, ಆಮೇಲೆ ಅಂಟು ಅಂಟು ಲೋಟ ತೊಳೆದದ್ದು ಇನ್ನೊಬ್ಬರು. ಕಣ್ಣ ಮುಂದೆ ತಯಾರಾಗುತ್ತದೆ ಅಂತ ಮೇಲೆ ಬರೆದೆನಲ್ಲ, ಅದರಲ್ಲೂ ಅರ್ಧ ಕೆಲಸ ಗೋಡೆಯಾಚೆಯೇ ಆಗಿರುತ್ತದೆ.

ಈ ದೇಶದಿಂದ ನಮ್ಮ ಕರಾವಳಿಗೆ ಬಂದು, ನಮ್ಮ ಆತಿಥ್ಯದ ಬಗ್ಗೆ ಬರೆದವನು ಒಬ್ಬನಿದ್ದ. ಇಬ್ನ್ ಬತೂತ. 1304ರಲ್ಲಿ ಟ್ಯಾಂಜಿಯರ್‌ನಲ್ಲಿ ಹುಟ್ಟಿದವನು. ಇವತ್ತು ಆ ಊರಿನ ವಿಮಾನ ನಿಲ್ದಾಣಕ್ಕೆ ಅವನದೇ ಹೆಸರು. 1340ರ ದಶಕದಲ್ಲಿ ಅವನು ನಮ್ಮ ಹೊನ್ನಾವರದಲ್ಲಿ ತಿಂಗಳುಗಟ್ಟಲೆ ಇದ್ದ. ಅಲ್ಲಿ ಆಗ ಆಳುತ್ತಿದ್ದ ಜಮಾಲುದ್ದೀನ್ ಅನ್ನುವ ಸುಲ್ತಾನ ಹರ್ಯಬ್ ಎಂಬ ದೊಡ್ಡ ರಾಜನ ಅಧೀನದಲ್ಲಿದ್ದ ಅಂತ ಬರೆದಿದ್ದಾನೆ. ವಿಜಯನಗರದ ಹರಿಹರನೇ ಈ ಹರ್ಯಬ್ ಅನ್ನುತ್ತಾರೆ ಇತಿಹಾಸಕಾರರು. ಊಟ ಬಡಿಸುವ ರೀತಿಯನ್ನು ಅವನು ಒಂದೊಂದಾಗಿ ಗುರುತು ಹಾಕಿಕೊಂಡಿದ್ದಾನೆ. ತಾಮ್ರದ ತಟ್ಟೆ ಬರುತ್ತದೆ. ರೇಷ್ಮೆ ಉಟ್ಟ ಹೆಂಗಸು ದೊಡ್ಡ ಸೌಟಿನಲ್ಲಿ ಅನ್ನ ಬಡಿಸಿ, ಮೇಲೆ ತುಪ್ಪ ಹಾಕುತ್ತಾಳೆ. ಕಾಳುಮೆಣಸು, ಹಸಿ ಶುಂಠಿ, ನಿಂಬೆ, ಮಾವಿನಕಾಯಿಯ ಉಪ್ಪಿನಕಾಯಿ. ಒಂದು ಸುತ್ತು ಮುಗಿದರೆ ಮತ್ತೆ ಅನ್ನ, ಈ ಸಲ ಕೋಳಿಯ ಜೊತೆ. ಆಮೇಲೆ ಮೀನು, ಆಮೇಲೆ ತರಕಾರಿ, ಕೊನೆಗೆ ಮೊಸರು. ರೊಟ್ಟಿಯ ದೇಶದಿಂದ ಬಂದವನಿಗೆ ಹನ್ನೊಂದು ತಿಂಗಳು ಬರೀ ಅನ್ನ. ಅದನ್ನೂ ಬರೆದಿದ್ದಾನೆ, ಪಾಪ.

ಅವನ ಕಾಲಕ್ಕೆ ಮೊರಾಕ್ಕೊದಲ್ಲಿ ಚಹಾ ಇರಲಿಲ್ಲ. ಆದರೆ ಬಡಿಸುವ ಕೈಯನ್ನು, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದನ್ನು, ಅತಿಥಿಯಾಗಿ ಕೂತು ಅಷ್ಟು ಗಮನವಿಟ್ಟು ನೋಡುವ ಅಭ್ಯಾಸ ಆಗಲೇ ಇತ್ತು ಅನ್ನಿಸುತ್ತದೆ. ಅಲ್ಲಿನ ಮನೆಗಳಲ್ಲಿ ಹರಿವಾಣದ ಸುತ್ತ ಕೂತವರು ಹಾಗೇ ನೋಡುತ್ತಾರೆ. ಯಾರ ಕೈ ನಡುಗಿತು, ಯಾರು ಸಕ್ಕರೆಗೆ ಹಿಂದೆಮುಂದೆ ನೋಡಿದರು, ಎಲ್ಲಾ ಲೆಕ್ಕಕ್ಕೆ ಬರುತ್ತದೆ.

ಚಳಿಗಾಲದಲ್ಲಿ ಹೋದರೆ ಪುದೀನವೇ ಸಿಗಬೇಕೆಂದಿಲ್ಲ. ಮಧ್ಯ ಅಟ್ಲಾಸ್ ಬೆಟ್ಟಗಳ ಅಜ್ರೂ, ಇಫ್ರಾನ್ ಕಡೆ ಹಿಮ ಬೀಳುತ್ತದೆ. ಆಗ ಶೀಬಾ ಅನ್ನುವ ಬೂದಿ ಬಣ್ಣದ ಕಹಿ ಸೊಪ್ಪು ಹಾಕುತ್ತಾರೆ, ಮೈ ಬೆಚ್ಚಗಾಗುತ್ತದಂತೆ. ಒಂದು ಎಸಳು ಜಾಸ್ತಿಯಾದರೆ ಬಾಯಿಗೆ ಇಡಲಾಗದು. ರಾತ್ರಿ ನಿದ್ದೆಗೆ ಲೂಯಿಜಾ ಸೊಪ್ಪು, ನೆಗಡಿಗೆ ಫ್ಲಿಯೊ ಸೊಪ್ಪು. ಒಬ್ಬೊಬ್ಬ ಅಜ್ಜಿಯದು ಒಂದೊಂದು ವೈದ್ಯ.

ಈಗ ಮನೆಮನೆಯಲ್ಲಿ ಜಗಳ ನಡೆಯುತ್ತಿರುವುದು ಸಕ್ಕರೆಗೆ. ಅಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ, ಡಾಕ್ಟರುಗಳು ಹೇಳುತ್ತಲೇ ಇದ್ದಾರೆ. ನಗರದ ಕಾಫಿ ಅಂಗಡಿಗಳಲ್ಲಿ ಸಕ್ಕರೆಯನ್ನು ಬೇರೆ ತಟ್ಟೆಯಲ್ಲಿ ಕೊಡುವುದು ಶುರುವಾಗಿದೆ. ಮನೆಯಲ್ಲಿ ಅದು ಸುಲಭವಿಲ್ಲ. ಸಕ್ಕರೆ ಬರ್ರಾದ್ ಒಳಗೇ ಹೋಗಬೇಕು, ಎಲೆಯ ಜೊತೆ ಒಲೆಯ ಮೇಲೆ ಕೂರಬೇಕು, ಆಮೇಲೆ ಹಾಕಿದರೆ ಅದು ಬಿಸಿನೀರು ಅಂತ ಹಿರಿಯರ ವಾದ. ರುಚಿಯ ವಿಷಯದಲ್ಲಿ ಹಿರಿಯರ ಮಾತು ಸರಿ, ನಾನೂ ಎರಡನ್ನೂ ಕುಡಿದಿದ್ದೇನೆ. ರಬಾತ್‌ನಲ್ಲಿ ನನಗೆ ಗೊತ್ತಿರುವ ಒಂದು ಕುಟುಂಬದಲ್ಲಿ ತಾಯಿಗೆ ಸಕ್ಕರೆ ಕಾಯಿಲೆ. ಆಕೆಯ ಚಹಾ ಸಪ್ಪೆ. ಆದರೆ ಬಂದವರಿಗೆ ಸಪ್ಪೆ ಚಹಾ ಸುರಿಯಲು ಆಕೆಯ ಕೈ ಬರುವುದಿಲ್ಲ, ಜಿಪುಣಿ ಅಂದುಕೊಳ್ಳುತ್ತಾರೆ ಅಂತ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಬರುವವರಲ್ಲಿ ಅರ್ಧ ಜನ ಮಾತ್ರೆ ತೆಗೆದುಕೊಳ್ಳುವವರೇ ಅಂತ ಅವಳಿಗೆ ಗೊತ್ತು. ಕೊನೆಗೆ ಹರಿವಾಣದ ಮೇಲೆ ಎರಡು ಬರ್ರಾದ್ ಇಡುವುದು ಅಂತ ರಾಜಿಯಾಯಿತು. ಮೊನ್ನೆ ಮಗಳಿಂದ ಮೆಸೇಜ್ ಬಂತು. ಅಮ್ಮ ಸಿಹಿ ಚಹಾಗೆ ದೊಡ್ಡ ಬರ್ರಾದ್ ಇಟ್ಟುಕೊಂಡು, ಸಪ್ಪೆಯದಕ್ಕೆ ಒಂದೂವರೆ ಲೋಟ ಹಿಡಿಯುವ ಪುಟ್ಟದನ್ನು ಕೊಂಡು ತಂದಿದ್ದಾರಂತೆ.